ಕೋಂಕ್: ಕಣಿವೆಯ ಹಳ್ಳಿಯೊಂದಕ್ಕೆ ಮಹಾ ಚರ್ಚು ಬಂದ ಬಗೆ

ದಕ್ಷಿಣ ಫ್ರಾನ್ಸಿನ ಅವೇರೋನ್ ಪ್ರಾಂತದಲ್ಲಿ, ರೊದೇಜ್ ಪಟ್ಟಣದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಊಶ್ ಎಂಬ ಸಣ್ಣ ಹೊಳೆಯು ದುರ್ದು ನದಿಯನ್ನು ಸೇರುವೆಡೆಯ ಕಡಿದಾದ ಇಳಿಜಾರಿನಲ್ಲಿ ಕೋಂಕ್ ಎಂಬ ಹಳ್ಳಿ ಇದೆ. ಸುತ್ತಲೂ ಚೆಸ್ಟ್‌ನಟ್ ಮರಗಳ ಕಾಡು, ಉಳುವುದಕ್ಕೆ ಸಮತಟ್ಟಾದ ನೆಲ ಬಹಳ ಕಡಿಮೆ, ದೊಡ್ಡ ಪಟ್ಟಣಗಳೆಲ್ಲ ದೂರ. ಹಳ್ಳಿಯ ಜನಸಂಖ್ಯೆ ಕೆಲವು ನೂರನ್ನೂ ದಾಟುವುದಿಲ್ಲ. ಇಂಥ ಜಾಗದ ನಡುವೆ 11ನೇ ಶತಮಾನದ ಭಾರಿ ಕಲ್ಲಿನ ಚರ್ಚೊಂದು, ಅದರ ಬಾಗಿಲ ಮೇಲೆ ಮಧ್ಯಯುಗದ ಯೂರೋಪಿನ ಅತ್ಯುತ್ತಮ ಶಿಲ್ಪಗಳಲ್ಲಿ ಒಂದು, ಪಕ್ಕದ ಭಂಡಾರದಲ್ಲಿ ಸಾವಿರ ವರ್ಷಕ್ಕೂ ಹಳೆಯದಾದ ಚಿನ್ನದ ಮೂರ್ತಿ ಇವೆ. ರಾಜಧಾನಿಯಲ್ಲಿಯೋ ಬಿಷಪ್ಪರ ಪೀಠವಿರುವ ನಗರದಲ್ಲಿಯೋ ಇರಬೇಕಾದ ಇವೆಲ್ಲ ಈ ಕಣಿವೆಗೆ ಏಕೆ ಬಂದವು, ಬಂದಮೇಲೆ ಇಲ್ಲಿಯೇ ಹೇಗೆ ಉಳಿದವು ಎಂಬುದನ್ನು ತಿಳಿಯಬೇಕಾದರೆ, ಮಧ್ಯಯುಗದ ಕ್ರೈಸ್ತರು ಸಂತರ ಎಲುಬುಗಳಿಗೆ ಕೊಟ್ಟಿದ್ದ ಸ್ಥಾನವನ್ನು ಮೊದಲು ಅರಿಯಬೇಕು. ಕೋಂಕಿನ ಇತಿಹಾಸದ ಪ್ರತಿಯೊಂದು ತಿರುವಿನ ಹಿಂದೆಯೂ ಒಬ್ಬ ಬಾಲಕಿಯ ತಲೆಬುರುಡೆಯ ತುಣುಕೊಂದಿದೆ ಎಂದರೆ ಅತಿಶಯೋಕ್ತಿಯಾಗದು.

ಆರಂಭದಲ್ಲಿ ಇಲ್ಲಿದ್ದವನು ಒಬ್ಬನೇ ಒಬ್ಬ ತಪಸ್ವಿ. 8ನೇ ಶತಮಾನದ ಕೊನೆಯ ಭಾಗದಲ್ಲಿ ದಾದೋನ್ ಎಂಬಾತ ಲೌಕಿಕವನ್ನು ತೊರೆದು ಈ ಏಕಾಂತದ ಕಣಿವೆಗೆ ಬಂದನೆಂದೂ, ಅವನ ಸುತ್ತ ಕ್ರಮೇಣ ಒಂದು ಸಣ್ಣ ಸಮುದಾಯ ಬೆಳೆಯಿತೆಂದೂ ಪರಂಪರೆ ಹೇಳುತ್ತದೆ. ಶಾರ್ಲಮೇನ್ ಚಕ್ರವರ್ತಿಯ ಮಗ ಲೂಯಿಯ ಕಾಲದ ಕವಿಯೊಬ್ಬ ದಾದೋನನ ಕತೆಯನ್ನು ಪದ್ಯದಲ್ಲಿ ಬರೆದಿಟ್ಟಿದ್ದಾನೆ. ಅದರ ಪ್ರಕಾರ ದಾಳಿಕಾರರು ದಾದೋನನ ತಾಯಿಯನ್ನು ಸೆರೆಹಿಡಿದು, ಅವನ ಕುದುರೆಯನ್ನು ಕೊಟ್ಟರೆ ಆಕೆಯನ್ನು ಬಿಡುವುದಾಗಿ ಹೇಳಿದರು. ಅವನು ಕುದುರೆಯನ್ನು ಕೊಡಲೊಲ್ಲೆನೆಂದಾಗ ತಾಯಿಯನ್ನು ಅವನ ಕಣ್ಣೆದುರೇ ಕೊಂದರು. ಆ ಪಶ್ಚಾತ್ತಾಪವೇ ಅವನನ್ನು ಸಂನ್ಯಾಸಕ್ಕೆ ನೂಕಿತು. 819ರಲ್ಲಿ ಲೂಯಿ ಚಕ್ರವರ್ತಿ ಈ ಸಮುದಾಯಕ್ಕೆ ಶಾಸನದ ಮೂಲಕ ರಕ್ಷಣೆಯನ್ನೂ ಭೂಮಿಯನ್ನೂ ಕೊಟ್ಟ ಹೊತ್ತಿಗೆ ಅದು ಸಂತ ಬೆನೆಡಿಕ್ಟನ ನಿಯಮವನ್ನು ಪಾಲಿಸುವ ಮಠವಾಗಿತ್ತು. ಆದರೆ ದೊರೆಯ ಕೃಪೆಯೊಂದರಿಂದಲೇ ಮಠ ಬಹುಕಾಲ ನಿಲ್ಲುವಂತಿರಲಿಲ್ಲ. ಪಶ್ಚಿಮಕ್ಕೆ ಫಿಜಾಕ್ ಎಂಬಲ್ಲಿ, ಹೋಗಿಬರಲು ಅನುಕೂಲವಾದ ಬಯಲಿನಲ್ಲಿ, ಕೋಂಕಿಗೆ ಸಂಬಂಧಿಸಿದ ಇನ್ನೊಂದು ಮಠ 9ನೇ ಶತಮಾನದಲ್ಲಿ ತಲೆಯೆತ್ತಿತು. ಹಳೆಯ ಮಠ ದೊಡ್ಡದೋ ಹೊಸದು ದೊಡ್ಡದೋ ಎಂಬ ಜಗಳ 11ನೇ ಶತಮಾನದ ಕೊನೆಯವರೆಗೂ ನಡೆಯಿತು. ಬೆಟ್ಟದ ಸಂದಿಯಲ್ಲಿದ್ದ ಬಡ ಮಠ ಜನರನ್ನು ತನ್ನತ್ತ ಸೆಳೆಯಬೇಕಾದರೆ, ಬೇರೆಲ್ಲೂ ಸಿಗದ ಏನಾದರೊಂದು ಅದರ ಬಳಿ ಇರಲೇಬೇಕಾಗಿತ್ತು.

ಆ ಕಾಲದಲ್ಲಿ ಅಂಥ ವಸ್ತುವೆಂದರೆ ಸಂತರ ಅಸ್ಥಿಯೇ. ಸಂತನು ಸತ್ತು ಸ್ವರ್ಗದಲ್ಲಿ ದೇವರ ಸನ್ನಿಧಿಯಲ್ಲಿದ್ದರೂ, ಅವನ ದೇಹದ ಅವಶೇಷ ಭೂಮಿಯ ಮೇಲೆ ಎಲ್ಲಿದೆಯೋ ಅಲ್ಲಿಯೂ ಅವನು ಇದ್ದಾನೆ ಎಂದು ಮಧ್ಯಯುಗದ ಕ್ರೈಸ್ತರು ನಂಬಿದ್ದರು. ಆದ್ದರಿಂದ ಮಠದಲ್ಲಿದ್ದ ಅಸ್ಥಿಯನ್ನು ಅವರು ಬರಿಯ ನೆನಪಿನ ಕುರುಹೆಂದು ಕಾಣಲಿಲ್ಲ. ಅಲ್ಲಿ ವಾಸವಾಗಿರುವ ಸಂತನೆಂದೇ ಕಂಡರು. ಭೂದಾನವನ್ನು ಬರೆದುಕೊಡುತ್ತಿದ್ದುದು ಸಂತನ ಹೆಸರಿಗೆ, ಗಡಿವಿವಾದ ಎದ್ದರೆ ಅನ್ಯಾಯವಾದದ್ದೂ ಸಂತನಿಗೆ, ರೋಗ ವಾಸಿಯಾದರೆ ಋಣ ತೀರಿಸಬೇಕಾದದ್ದೂ ಸಂತನಿಗೇ. ಚರ್ಚಿನ ಪೀಠಗಳನ್ನು ಪವಿತ್ರಗೊಳಿಸಲಿಕ್ಕೂ ಅಸ್ಥಿ ಬೇಕಾಗಿತ್ತು. ಪ್ರಸಿದ್ಧ ಸಂತರ ಅಸ್ಥಿಗಳು ಹಳೆಯ ರೋಮನ್ ನಗರಗಳ ಸಮಾಧಿಗಳಲ್ಲಿದ್ದವು. ಹೊಸದಾಗಿ ಹುಟ್ಟಿದ ಮಠಗಳಿಗೆ ಅವು ದಾನವಾಗಿ ಬರಬೇಕಿತ್ತು, ಇಲ್ಲವೇ ಕ್ರಯಕ್ಕೆ ಸಿಗಬೇಕಿತ್ತು, ಅದೂ ಆಗದಿದ್ದರೆ ಕಳವಿನಿಂದ ಬರಬೇಕಿತ್ತು. ಕೋಂಕಿನವರು ಮೊದಲು ಸ್ಪೇನಿನ ಹುತಾತ್ಮ ವಿನ್ಸೆಂಟನ ಅಸ್ಥಿಗಾಗಿ ಪ್ರಯತ್ನಿಸಿದರು. ಅದು ಕೈಗೂಡದೆ, ಆ ಅಸ್ಥಿ ಕೊನೆಗೆ ಕಾಸ್ತ್ರ್ ಎಂಬ ಇನ್ನೊಂದು ಮಠದ ಪಾಲಾಯಿತು. ಆಮೇಲೆ ಅವರ ಕಣ್ಣು ಬಿದ್ದದ್ದು ಅಜೆನ್ ನಗರದ ಮೇಲೆ.

ಗಾರೋನ್ ನದಿಯ ದಡದ ಅಜೆನ್‌ನಲ್ಲಿ ಸಾಂತ್ ಫುವಾ ಎಂಬ ಬಾಲಕಿಯ ಸಮಾಧಿಯಿತ್ತು. ಡಯೋಕ್ಲೀಷಿಯನ್ ಚಕ್ರವರ್ತಿಯು ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಪರಂಪರೆಯ ಲೆಕ್ಕದಂತೆ 303ರಲ್ಲಿ, ಹನ್ನೆರಡು ವರ್ಷದ ಆಸುಪಾಸಿನ ಈ ಹುಡುಗಿ ರೋಮನ್ ದೇವತೆಗಳಿಗೆ ಬಲಿ ಅರ್ಪಿಸಲು ಒಪ್ಪಲಿಲ್ಲ. ಅವಳನ್ನು ಕಾದ ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ, ಕೊನೆಗೆ ಶಿರಚ್ಛೇದ ಮಾಡಿದರು. ಅಕ್ಟೋಬರ್ 6 ಅವಳ ಹಬ್ಬದ ದಿನ. ಸಾವಿಗೆ ಅಂಜದೆ ಇಲ್ಲ ಎಂದ ಈ ಪುಟ್ಟ ಹುಡುಗಿಯ ಕತೆ ಶತಮಾನಗಟ್ಟಲೆ ಜನರ ಮನಸ್ಸನ್ನು ಹಿಡಿದಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಕೋಂಕಿನಲ್ಲಿ 11ನೇ ಶತಮಾನದಲ್ಲಿ ರಚಿತವಾದ ವೃತ್ತಾಂತದ ಪ್ರಕಾರ, ಅಲ್ಲಿನ ಅರಿನಿಸ್ಡ್ ಎಂಬ ಸಂನ್ಯಾಸಿ ತನ್ನ ಮೂಲವನ್ನು ಮರೆಮಾಚಿ ಅಜೆನ್‌ಗೆ ಹೋಗಿ, ಅಲ್ಲಿನ ಧಾರ್ಮಿಕ ಸಮುದಾಯವನ್ನು ಸೇರಿ, ಹತ್ತು ವರ್ಷ ನಿಷ್ಠೆಯಿಂದ ದುಡಿದು, ಸಮಾಧಿಯನ್ನು ಕಾಯುವ ಕೆಲಸವನ್ನೇ ಪಡೆದುಕೊಂಡ. ಒಂದು ರಾತ್ರಿ ಉಳಿದವರೆಲ್ಲ ಹಬ್ಬದೂಟಕ್ಕೆ ಕುಳಿತಿದ್ದಾಗ ಸಮಾಧಿಯನ್ನು ಒಡೆದು ಅಸ್ಥಿಗಳನ್ನು ಚೀಲಕ್ಕೆ ತುಂಬಿಕೊಂಡು ಕೋಂಕಿನ ದಾರಿ ಹಿಡಿದ. ಇದು ನಡೆದದ್ದು ಸುಮಾರು 866ರಲ್ಲಿ.

ಇಂದಿನ ಓದುಗರಿಗೆ ಇಲ್ಲಿ ಸಹಜವಾಗಿಯೇ ತೊಡಕು ಎದುರಾಗುತ್ತದೆ: ಕಳವನ್ನು ಮಠವೊಂದು ಮುಚ್ಚಿಡುವುದನ್ನು ಬಿಟ್ಟು, ಅದರ ಬಗ್ಗೆ ಹೆಮ್ಮೆಯಿಂದ ಗ್ರಂಥ ಬರೆಸಿದ್ದೇಕೆ? ಸಂತರು ಜೀವಂತ ಶಕ್ತಿಗಳೆಂದು ನಂಬಿದವರಿಗೆ ಇದರ ಉತ್ತರ ಸ್ಪಷ್ಟವಾಗಿತ್ತು. ಸಂತಳಿಗೆ ಇಷ್ಟವಿಲ್ಲದಿದ್ದರೆ ಅವಳನ್ನು ಯಾರೂ ಅಲುಗಿಸಲಾರರು. ಅವಳು ಸುಲಭವಾಗಿ ಬಂದಳೆಂದರೆ ಅಜೆನ್ ಬಿಟ್ಟು ಕೋಂಕಿನಲ್ಲಿ ನೆಲೆಸುವ ಮನಸ್ಸು ಅವಳದ್ದೇ ಆಗಿತ್ತು. ಹೀಗೆ ಕಳವಿನ ಕತೆಯೇ ಒಡೆತನದ ದಾಖಲೆಯಾಗಿ ಕೆಲಸ ಮಾಡಿತು. ಆ ಕಾಲದ ಬೇರೆ ಹಲವು ಮಠಗಳೂ ಇಂಥದೇ ವೃತ್ತಾಂತಗಳನ್ನು ಬರೆಸಿಕೊಂಡಿವೆ. ಅವುಗಳಲ್ಲಿ ಇತಿಹಾಸವೆಷ್ಟು, ಕಟ್ಟುಕತೆಯೆಷ್ಟು ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಅರಿನಿಸ್ಡ್‌ನ ಹತ್ತು ವರ್ಷಗಳ ಸಹನೆ ಅಕ್ಷರಶಃ ನಿಜವಿರಲಿ ಇಲ್ಲದಿರಲಿ, 9ನೇ ಶತಮಾನದ ಕೊನೆಯ ಹೊತ್ತಿಗೆ ಫುವಾಳ ಆರಾಧನೆ ಕೋಂಕಿನಲ್ಲಿ ಬೇರೂರಿತ್ತೆಂಬುದು ಮಾತ್ರ ಖಚಿತ.

ಆ ಆರಾಧನೆಯ ಕೇಂದ್ರವಾದ ಮೂರ್ತಿ ಇಂದಿಗೂ ಹಳ್ಳಿಯಲ್ಲಿಯೇ ಇದೆ. ಸುಮಾರು 85 ಸೆಂಟಿಮೀಟರ್ ಎತ್ತರದ ಈ ಪ್ರತಿಮೆಯ ಒಡಲು ಮರದ್ದು. ಅದರ ಮೇಲೆ ಚಿನ್ನದ ತಗಡನ್ನು ಹೊದಿಸಿ ಮುತ್ತು, ಪಚ್ಚೆ, ಅಮೆಥಿಸ್ಟ್, ಸ್ಫಟಿಕಗಳನ್ನು ಕೂರಿಸಿದ್ದಾರೆ. ಭಕ್ತರು ಶತಮಾನಗಳುದ್ದಕ್ಕೂ ಅರ್ಪಿಸಿದ ಹರಳುಗಳು ಒಂದರ ಪಕ್ಕದಲ್ಲೊಂದು ಸೇರುತ್ತ ಹೋದದ್ದರಿಂದ, ಪ್ರಾಚೀನ ರೋಮಿನ ಕುಶಲಕರ್ಮಿಗಳು ಕೆತ್ತಿದ ಮುದ್ರೆಗಲ್ಲುಗಳೂ ಅವುಗಳ ನಡುವೆ ಇವೆ. ಸಿಂಹಾಸನದಲ್ಲಿ ನೆಟ್ಟಗೆ ಕುಳಿತ ಪುಟ್ಟ ಸಂತಳ ಕಣ್ಣುಗಳು ಅಗಲವಾಗಿ ತೆರೆದಿದ್ದು, ತಲೆ ತುಸು ಹಿಂದಕ್ಕೆ ಬಾಗಿದೆ, ಮುಖದಲ್ಲಿ ಹುಡುಗಿಯ ಕೋಮಲತೆಯ ಗುರುತೂ ಇಲ್ಲ. ಅದಕ್ಕೆ ಕಾರಣ 1950ರ ದಶಕದಲ್ಲಿ ಜಾನ್ ತಾರಲೋನ್ ಅವರು ಮೂರ್ತಿಯನ್ನು ಬಿಚ್ಚಿ ಪರಿಶೀಲಿಸಿದಾಗ ಸ್ಪಷ್ಟವಾಯಿತು: ಆ ಚಿನ್ನದ ತಲೆ ದೇಹಕ್ಕಿಂತ ಹಲವು ಶತಮಾನ ಹಳೆಯದು, ರೋಮನ್ ಸಾಮ್ರಾಜ್ಯದ ಕೊನೆಗಾಲದ್ದು, ಪ್ರಾಯಶಃ ಯಾವುದೋ ಚಕ್ರವರ್ತಿಯ ಮುಖ. ಕ್ರೈಸ್ತ ಬಾಲಕಿಯನ್ನು ಕೊಲ್ಲಿಸಿದ ಸಾಮ್ರಾಜ್ಯದ ಮುಖವೇ ಅವಳ ಮುಖವಾಗಿ ಪೂಜೆಗೊಂಡಿತು. ಮೂರ್ತಿಯ ಬೆನ್ನಿನಲ್ಲಿ ಕೊರೆದ ಗೂಡಿನೊಳಗೆ ತಲೆಬುರುಡೆಯ ಭಾಗವನ್ನು ಇರಿಸಲಾಗಿತ್ತು. ಕೈಗಳಲ್ಲಿರುವ, ಹೂ ಸಿಕ್ಕಿಸುವ ಸಣ್ಣ ಕೊಳವೆಗಳು ಬಹಳ ಈಚಿನ ಸೇರ್ಪಡೆ.

ಇಂಥ ಮೂರ್ತಿ ಕ್ರೈಸ್ತಧರ್ಮಕ್ಕೆ ಒಪ್ಪುತ್ತದೆಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಉತ್ತರ ಫ್ರಾನ್ಸಿನ ಆಂಜೇ ಪಟ್ಟಣದ ಬರ್ನಾರ್ ಎಂಬ ಉಪಾಧ್ಯಾಯ, ಶಾರ್ತ್ರ್‌ನ ಪ್ರಸಿದ್ಧ ಗುರು ಫ್ಯುಲ್ಬೇರನ ಶಿಷ್ಯ, ಸುಮಾರು 1013ರಲ್ಲಿ ಕೋಂಕಿಗೆ ಬಂದ. ಅವನ ಕಡೆಯಲ್ಲಿ ಶಿಲುಬೆಯ ಮೇಲಿನ ಕ್ರಿಸ್ತನನ್ನು ಬಿಟ್ಟರೆ ಬೇರೆ ಪೂರ್ಣಪ್ರತಿಮೆಗಳನ್ನು ಪೂಜಿಸುವ ರೂಢಿಯಿರಲಿಲ್ಲ. ದಕ್ಷಿಣದ ಊರೂರುಗಳಲ್ಲಿ ಚಿನ್ನ ಬೆಳ್ಳಿಯ ಸಂತಮೂರ್ತಿಗಳ ಮುಂದೆ ಜನರು ಅಡ್ಡಬೀಳುವುದನ್ನು ಕಂಡು ಅವನು ಬೆಚ್ಚಿದ. ಇದು ಜೂಪಿಟರನದೋ ಮಾರ್ಸ್‌ನದೋ ವಿಗ್ರಹವಿದ್ದಂತಿದೆಯಲ್ಲ ಎಂದು ಜೊತೆಗಾರನೊಡನೆ ಲ್ಯಾಟಿನ್ನಿನಲ್ಲಿ ಆಡಿಕೊಂಡು ನಕ್ಕದ್ದನ್ನು ಅವನೇ ಬರೆದಿದ್ದಾನೆ. ಆದರೆ ಕೋಂಕಿನಲ್ಲಿ ಜನರಿಂದ ಕೇಳಿದ ಸಂಗತಿಗಳು ಅವನ ಮನಸ್ಸನ್ನು ತಿರುಗಿಸಿದವು. ಅದು ಬಲಿ ಬೇಡುವ ವಿಗ್ರಹವಲ್ಲ, ಹುತಾತ್ಮಳ ಸ್ಮರಣೆಗಾಗಿ ಇರುವ ಮೂರ್ತಿ, ಅದಕ್ಕಿಂತ ಹೆಚ್ಚಾಗಿ ಅವಳ ಅಸ್ಥಿಯನ್ನು ಹೊತ್ತ ಕರಂಡ ಎಂಬ ತೀರ್ಮಾನಕ್ಕೆ ಬಂದು, ಅವಳ ಪವಾಡಗಳ ಸಂಗ್ರಹವನ್ನು ಬರೆಯಲು ಕುಳಿತ. ಅವನ ಎರಡು ಸಂಪುಟಗಳನ್ನು ಕೋಂಕಿನ ಸಂನ್ಯಾಸಿಗಳು ಮುಂದುವರಿಸಿದರು. ಈ ಗ್ರಂಥವನ್ನು ಭಕ್ತಿಸಾಹಿತ್ಯವಾಗಿ ಓದಿದರೂ ಸರಿ, ಸಮಾಜದ ದಾಖಲೆಯಾಗಿ ಓದಿದರೂ ಸರಿ, 11ನೇ ಶತಮಾನದ ಹಳ್ಳಿಗಾಡನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹಗಳು ವಿರಳ ಎಂಬುದು ನನ್ನ ಅಭಿಪ್ರಾಯ.

ಮೂರ್ತಿ ಯಾವಾಗಲೂ ಮಠದೊಳಗೇ ಇರುತ್ತಿರಲಿಲ್ಲ. ನಮ್ಮ ದೇವಸ್ಥಾನಗಳ ಉತ್ಸವಮೂರ್ತಿ ಊರಿಗೆ ಬರುವಂತೆ, ಫುವಾ ಕೂಡ ಕೊಂಬು ತಾಳಗಳ ಸದ್ದಿನೊಡನೆ ಹೊರಗೆ ಹೊರಡುತ್ತಿದ್ದಳು. ಯಾರಾದರೂ ಜಮೀನ್ದಾರ ಮಠದ ಹೊಲವನ್ನು ಒತ್ತುವರಿ ಮಾಡಿಕೊಂಡರೆ ಮೂರ್ತಿಯನ್ನು ಆ ಹೊಲಕ್ಕೇ ಹೊತ್ತೊಯ್ದು ಹಕ್ಕನ್ನು ಸಾರುತ್ತಿದ್ದರು. ರೊದೇಜ್‌ನ ಬಿಷಪ್ ಕರೆದ ಧರ್ಮಸಭೆಗೆ ಸುತ್ತಲಿನ ಮಠಗಳ ಸಂತಮೂರ್ತಿಗಳೆಲ್ಲ ಬಂದು ಬಯಲಿನಲ್ಲಿ ಡೇರೆಗಳ ಕೆಳಗೆ ಸಾಲಾಗಿ ಕುಳಿತ ದೃಶ್ಯವನ್ನು ಬರ್ನಾರ್ ವರ್ಣಿಸಿದ್ದಾನೆ. ಕೇಂದ್ರ ರಾಜಸತ್ತೆ ಕುಗ್ಗಿಹೋಗಿ, ಕೋಟೆಯುಳ್ಳ ಪ್ರತಿಯೊಬ್ಬ ಯೋಧನೂ ತನಗೆ ತಾನೇ ದೊರೆಯಾಗಿದ್ದ ಕಾಲವದು. ಸೈನ್ಯವಿಲ್ಲದ ಸಂನ್ಯಾಸಿಗಳಿಗೆ ಸಂತಳ ಭಯವೇ ಕಾವಲು.

ಪವಾಡದ ಕತೆಗಳಲ್ಲಿ ಕಾಣುವ ಫುವಾಳ ಸ್ವಭಾವ ವಿಶಿಷ್ಟವಾದದ್ದು. ಅವಳಿಗೆ ಮಕ್ಕಳಂತೆ ಆಟವೂ ಹಟವೂ ಇವೆ, ಒಡವೆಯ ಆಸೆಯಿದೆ. ತುಲೂಜ್‌ನ ಕೌಂಟನ ಹೆಂಡತಿ ಆರ್ಸಿಂದ್‌ಳ ಕನಸಿಗೆ ಬಂದು, ಅವಳ ಚಿನ್ನದ ಬಳೆಗಳನ್ನು ಕೊಟ್ಟರೆ ಗಂಡುಮಗುವನ್ನು ಕೊಡುತ್ತೇನೆ ಎನ್ನುತ್ತಾಳೆ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಗಿಬೇರ್ ಎಂಬವನ ಕತೆ. ಅವನ ಯಜಮಾನನೇ ಅವನ ಕಣ್ಣುಗಳನ್ನು ಕೀಳಿಸಿದ್ದ. ಒಂದು ವರ್ಷದ ನಂತರ ಫುವಾಳ ಕೃಪೆಯಿಂದ ಅವನಿಗೆ ಮತ್ತೆ ದೃಷ್ಟಿ ಬಂತು. ಜನರು ನೋಡಲು ಮುತ್ತಿದ ಆ ಮನುಷ್ಯನನ್ನು ಮಠಾಧಿಪತಿ ಮೇಣ ಮಾರುವ ಕೆಲಸಕ್ಕೆ ನೇಮಿಸಿದ ಎಂಬ ವಿವರವನ್ನೂ ಬರ್ನಾರ್ ಬಿಟ್ಟಿಲ್ಲ. ಪವಾಡ, ಯಾತ್ರಿಕರು, ಮೇಣದಬತ್ತಿ, ಮಠದ ಆದಾಯ ಇವೆಲ್ಲ ಹೇಗೆ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದನ್ನು ಈ ಒಂದು ಸಣ್ಣ ವಿವರ ತಿಳಿಸುತ್ತದೆ. ಸೆರೆಯಾಳುಗಳನ್ನು ಬಿಡಿಸುವುದರಲ್ಲಿಯೂ ಫುವಾಳದ್ದು ಎತ್ತಿದ ಕೈ. ಬಿಡುಗಡೆಯಾದವರು ತಮ್ಮ ಕೈಕೋಳ ಸಂಕೋಲೆಗಳನ್ನು ತಂದು ಅವಳಿಗೆ ಒಪ್ಪಿಸುತ್ತಿದ್ದರು. ಅವು ರಾಶಿ ಬಿದ್ದಾಗ ಸಂನ್ಯಾಸಿಗಳು ಕಮ್ಮಾರರಿಂದ ಅವನ್ನು ಬಡಿಸಿ ಬಾಗಿಲುಗಳನ್ನು ಮಾಡಿಸಿದರೆಂದು ಗ್ರಂಥ ಹೇಳುತ್ತದೆ; ಇಂದು ಗರ್ಭಭಾಗದ ಸುತ್ತ ನಿಂತಿರುವ ಸುರುಳಿಸುರುಳಿಯಾದ ಕಬ್ಬಿಣದ ಜಾಲರಿಗಳೂ ಆ ಸಂಕೋಲೆಗಳಿಂದಲೇ ಆದವೆಂಬುದು ಊರಿನ ನಂಬಿಕೆ.

ಫುವಾಳ ಕೀರ್ತಿ ಹರಡಿದಂತೆ ಮಠದ ಆಸ್ತಿಯೂ ಬೆಳೆಯಿತು. ಆಲ್ಸೇಸಿನ ಸೆಲೆಸ್ತಾದಲ್ಲಿ, ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಅವಳ ಹೆಸರಿನ ಮಠಗಳು ಕೋಂಕಿನ ಅಧೀನದಲ್ಲಿ ಹುಟ್ಟಿಕೊಂಡವು. ಕೋಂಕಿನ ಸಂನ್ಯಾಸಿಯಾಗಿದ್ದ ಪಿಯೇರ್ ದಾಂದುಕ್ 11ನೇ ಶತಮಾನದ ಕೊನೆಯಲ್ಲಿ ಸ್ಪೇನಿನ ಪಾಂಪ್ಲೋನಾದ ಬಿಷಪ್ ಆದ. ದಕ್ಷಿಣ ಫ್ರಾನ್ಸಿನ ಆಕ್ಸಿತಾನ್ ಭಾಷೆಯ ಅತಿ ಹಳೆಯ ಕಾವ್ಯಗಳಲ್ಲೊಂದು ಫುವಾಳನ್ನೇ ಕುರಿತದ್ದು. ಇದರ ಜೊತೆಗೆ ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾದಲ್ಲಿರುವ ಸಂತ ಜೇಮ್ಸನ ಸಮಾಧಿಗೆ ಯೂರೋಪಿನ ಜನ ತಂಡೋಪತಂಡವಾಗಿ ಹೊರಟರು. ಲ ಪ್ಯುಯಿ ನಗರದಿಂದ ಸಾಗುವ ದಾರಿಯಲ್ಲಿ ಕೋಂಕ್ ಮುಖ್ಯ ತಂಗುದಾಣವಾಯಿತು. 12ನೇ ಶತಮಾನದ ಯಾತ್ರಿಕರ ಕೈಪಿಡಿಯೊಂದು, ಈ ದಾರಿ ಹಿಡಿದ ಬರ್ಗಂಡಿಯವರೂ ಜರ್ಮನರೂ ಸಾಂತ್ ಫುವಾಳ ದರ್ಶನ ಮಾಡಲೇಬೇಕೆಂದು ವಿಧಿಸಿ, ಚರ್ಚಿನ ಮುಂದಿನ ಚಿಲುಮೆಯ ಗುಣವನ್ನೂ ಕೊಂಡಾಡುತ್ತದೆ. ಪ್ಲೋ ಎಂಬ ಹೆಸರಿನ ಆ ಚಿಲುಮೆ ಇಂದಿಗೂ ಅಲ್ಲಿಯೇ ಇದೆ.

ಈ ಜನಸಂದಣಿಯೇ ಕಟ್ಟಡದ ರೂಪವನ್ನು ನಿರ್ಧರಿಸಿತು. 1031ರಿಂದ 1065ರವರೆಗೆ ಮಠಾಧಿಪತಿಯಾಗಿದ್ದ ಒಡೊಲ್ರಿಕನ ಕಾಲದಲ್ಲಿ ಹೊಸ ಚರ್ಚಿನ ಕೆಲಸ ಶುರುವಾಗಿ, 1087ರಿಂದ 1107ರವರೆಗಿದ್ದ ಬೇಗೋನನ ಆಡಳಿತವನ್ನು ದಾಟಿ, 12ನೇ ಶತಮಾನದ ಆರಂಭದಲ್ಲಿ ಮುಗಿಯಿತು. ಇದರ ವಿನ್ಯಾಸದ ಹಿಂದಿದ್ದ ಸಮಸ್ಯೆ ಬಹಳ ವ್ಯಾವಹಾರಿಕವಾದದ್ದು: ಸಂನ್ಯಾಸಿಗಳು ದಿನಕ್ಕೆ ಹಲವು ಬಾರಿ ಗರ್ಭಭಾಗದಲ್ಲಿ ಸೇರಿ ಪ್ರಾರ್ಥನಾಗೀತೆಗಳನ್ನು ಹಾಡಬೇಕು, ಅದೇ ಹೊತ್ತಿಗೆ ಯಾತ್ರಿಕರ ಪ್ರವಾಹ ಅಸ್ಥಿಯ ಸಮೀಪಕ್ಕೆ ಬಂದುಹೋಗಬೇಕು, ಇವರಿಂದ ಅವರಿಗೆ ಅಡ್ಡಿಯಾಗಬಾರದು. ಅದಕ್ಕಾಗಿ ನಡುವಣ ಅಂಕಣದ ಎರಡೂ ಬದಿಯ ಮೊಗಸಾಲೆಗಳನ್ನು ಮುಂದುವರಿಸಿ, ಅಡ್ಡತೋಳುಗಳನ್ನು ಬಳಸಿ, ಗರ್ಭಭಾಗದ ಹಿಂದಿನಿಂದ ಸುತ್ತಿ ಬರುವ ಪ್ರದಕ್ಷಿಣಾಪಥವನ್ನು ಕಟ್ಟಿದರು. ಯಾತ್ರಿಕರು ಒಂದು ಕಡೆಯಿಂದ ಹೊಕ್ಕು, ಕಬ್ಬಿಣದ ಜಾಲರಿಯ ಆಚೆಗಿದ್ದ ಮೂರ್ತಿಯನ್ನು ಕಂಡು, ಹೊರಚಾಚಿದ ಸಣ್ಣ ಪ್ರಾರ್ಥನಾಗೃಹಗಳ ಮುಂದೆ ನಿಂತು, ಇನ್ನೊಂದು ಕಡೆಯಿಂದ ಹೊರಬರುತ್ತಿದ್ದರು. ತುಲೂಜ್‌ನ ಸಾಂ ಸೆರ್ನಾಂ ಚರ್ಚು, ಕಾಂಪೊಸ್ತೆಲಾದ ಮಹಾ ಚರ್ಚು ಇವೂ ಇದೇ ಬಗೆಯವು, ಆದರೆ ಗಾತ್ರದಲ್ಲಿ ಇದಕ್ಕಿಂತ ಬಹಳ ದೊಡ್ಡವು. ಕೋಂಕಿನಲ್ಲಿ ಇಳಿಜಾರಿನ ಜಾಗ ಉದ್ದಕ್ಕೆ ಬೆಳೆಯಲು ಬಿಡಲಿಲ್ಲವಾದ್ದರಿಂದ ಕಟ್ಟಡ ಎತ್ತರಕ್ಕೆ ಬೆಳೆಯಿತು. ನಡು ಅಂಕಣದ ಕಮಾನುಚಾವಣಿ 22 ಮೀಟರ್ ಎತ್ತರದಲ್ಲಿದೆ. ಕಿರಿದಾದ ಜಾಗದಿಂದ ಒಮ್ಮೆಗೇ ಮೇಲೇಳುವ ಈ ಎತ್ತರವೇ ಒಳಗೆ ಕಾಲಿಟ್ಟವರ ಅನುಭವಕ್ಕೆ ಮೊದಲು ಬರುವಂಥದ್ದು.

ಆದರೆ ಒಳಗೆ ಹೋಗುವ ಮುನ್ನ ಪಶ್ಚಿಮದ ಬಾಗಿಲಲ್ಲಿ ನಿಲ್ಲಬೇಕು. ಬಾಗಿಲ ನೆತ್ತಿಯ ಅರ್ಧವೃತ್ತಾಕಾರದ ಫಲಕದಲ್ಲಿ, ಸುಮಾರು 6.7 ಮೀಟರ್ ಅಗಲ ಮತ್ತು 3.6 ಮೀಟರ್ ಎತ್ತರದೊಳಗೆ, 124 ಆಕೃತಿಗಳಿರುವ ಅಂತಿಮ ತೀರ್ಪಿನ ದೃಶ್ಯವನ್ನು 12ನೇ ಶತಮಾನದ ಆರಂಭದ ಶಿಲ್ಪಿಗಳು ಕೆತ್ತಿದ್ದಾರೆ. ಆಳವಾದ ಕಮಾನು ಮಳೆಗಾಳಿಗೆ ಅಡ್ಡವಾಗಿರುವುದರಿಂದ ಕೆತ್ತನೆ ಬಹುಮಟ್ಟಿಗೆ ಹಾಗೆಯೇ ಉಳಿದಿದೆ. ಹಿಂದೆ ಬಳಿದಿದ್ದ ನೀಲಿ ಮತ್ತು ಕೆಂಪು ಬಣ್ಣದ ಅಂಶವೂ ಅಲ್ಲಲ್ಲಿ ಕಾಣುತ್ತದೆ. ನಡುವೆ ಕ್ರಿಸ್ತನು ಕುಳಿತಿದ್ದಾನೆ, ಎತ್ತಿದ ಬಲಗೈ ಸ್ವರ್ಗದ ಕಡೆಗೆ, ಇಳಿಬಿಟ್ಟ ಎಡಗೈ ನರಕದ ಕಡೆಗೆ. ಅವನ ಬಲಬದಿಯಲ್ಲಿ ಮರಿಯಮ್ಮ, ಬೀಗದ ಕೈ ಹಿಡಿದ ಸಂತ ಪೀಟರ್, ಅವರ ಹಿಂದೆ ಕೋಂಕಿನವರೇ ಆದ ಜನರು ಸಾಲಾಗಿ ಬರುತ್ತಾರೆ. ಮಠಾಧಿಪತಿಯೊಬ್ಬ ಕಿರೀಟ ಧರಿಸಿದ ದೊರೆಯೊಬ್ಬನ ಕೈಹಿಡಿದು ಕರೆತರುತ್ತಿದ್ದಾನೆ. ಆ ದೊರೆ ಶಾರ್ಲಮೇನ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಮಠಕ್ಕೆ ದಾನ ಮಾಡಿದ ದೊರೆಗೂ ಸ್ವರ್ಗದ ಬಾಗಿಲಲ್ಲಿ ಸಂನ್ಯಾಸಿಯ ಆಸರೆ ಬೇಕು ಎಂಬ ಮಾತನ್ನು ಶಿಲ್ಪಿ ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಸಾಧ್ಯವಿರಲಿಲ್ಲ.

ಈ ಸಾಲಿನ ಕೆಳಗಿನ ಸಣ್ಣ ತ್ರಿಕೋನದಲ್ಲಿ ಹಳ್ಳಿಯದೇ ಕತೆ ಇದೆ, ಮತ್ತು ಇಡೀ ಫಲಕದಲ್ಲಿ ನನ್ನನ್ನು ಹೆಚ್ಚು ಕಾಡುವ ಭಾಗವೂ ಅದೇ. ಕೆಲವೇ ಕಮಾನುಗಳಲ್ಲಿ ಚರ್ಚಿನ ಒಳಭಾಗವನ್ನು ಸೂಚಿಸಿ, ತೊಲೆಯಿಂದ ತೂಗುಬಿದ್ದ ಸಂಕೋಲೆಗಳನ್ನು ಕೆತ್ತಿದ್ದಾರೆ. ಅದರ ಮುಂದೆ ಪುಟ್ಟ ಫುವಾ ನೆಲಕ್ಕೆ ಬಾಗಿ ಪ್ರಾರ್ಥಿಸುತ್ತಿದ್ದಾಳೆ. ಮೋಡದಿಂದ ಹೊರಚಾಚಿದ ದೇವರ ಭಾರಿ ಹಸ್ತವೊಂದು ಅವಳ ತಲೆಯನ್ನು ಮುಟ್ಟುವಂತಿದೆ. ಪಕ್ಕದಲ್ಲಿಯೇ ದೇವದೂತರು ಗೋರಿಗಳ ಮುಚ್ಚಳಗಳನ್ನು ಎತ್ತುತ್ತಿದ್ದಾರೆ, ಸತ್ತವರು ಏಳುತ್ತಿದ್ದಾರೆ. ಜಗತ್ತಿನ ಅಂತ್ಯದ ತೀರ್ಪು ನಡೆಯುತ್ತಿರುವಾಗಲೂ ನಿಮ್ಮ ಪರವಾಗಿ ಮಾತಾಡುವವಳು ಈ ಚರ್ಚಿನೊಳಗೇ ಇದ್ದಾಳೆ ಎಂದು, ನೂರಾರು ಮೈಲಿ ನಡೆದು ಬಂದ ಯಾತ್ರಿಕನಿಗೆ ಬಾಗಿಲಲ್ಲಿಯೇ ತಿಳಿಸುವ ಕೆತ್ತನೆ ಇದು.

ನೋಡುವವರ ಬಲಗಡೆಗೆ, ಅಂದರೆ ಕ್ರಿಸ್ತನ ಎಡಬದಿಗೆ ಇರುವ ನರಕದಲ್ಲಿ ಶಿಲ್ಪಿಯ ಕೈ ಇನ್ನೂ ಚುರುಕಾಗಿದೆ. ತೂಕ ಮಾಡುವ ದೇವದೂತ ಮೈಕೇಲನ ಎದುರು ನಿಂತ ಪಿಶಾಚಿ ತಕ್ಕಡಿಯನ್ನು ಬೆರಳಿನಿಂದ ಒತ್ತಿ ಮೋಸ ಮಾಡಲು ನೋಡುತ್ತಿದೆ. ಲೆವಿಯಾಥನ್ ಎಂಬ ದೈತ್ಯಪ್ರಾಣಿಯ ತೆರೆದ ಬಾಯಿಯೇ ನರಕದ ಹೆಬ್ಬಾಗಿಲು. ಪಾಪಿಗಳನ್ನು ಅದರೊಳಗೆ ನೂಕುತ್ತಿದ್ದಾರೆ. ಒಳಗೆ ಸೈತಾನನು ಸಿಂಹಾಸನದ ಮೇಲೆ ಕುಳಿತಿದ್ದಾನೆ, ಹತ್ತಿರದಲ್ಲೇ ಜಿಪುಣನೊಬ್ಬ ಕುತ್ತಿಗೆಗೆ ಹಣದ ಚೀಲ ಬಿಗಿದುಕೊಂಡು ನೇಣಿನಲ್ಲಿ ತೂಗುತ್ತಿದ್ದಾನೆ. ಲೋಹದ ಅಂಗಿ ತೊಟ್ಟ ಯೋಧನೊಬ್ಬ ಕುದುರೆಯೊಡನೆ ತಲೆಕೆಳಗಾಗಿ ಬೀಳುತ್ತಿದ್ದಾನೆ; ಒಬ್ಬನ ನಾಲಿಗೆಯನ್ನು ಕೀಳಲಾಗುತ್ತಿದೆ; ಬೇಟೆಗಾರನೊಬ್ಬನನ್ನು ಮೊಲವೇ ಸಲಾಕೆಗೆ ಸಿಕ್ಕಿಸಿ ಬೆಂಕಿಯಲ್ಲಿ ಸುಡುತ್ತಿದೆ. ಖೋಟಾ ನಾಣ್ಯ ಮಾಡಿದವನಿಗೂ ಶಿಕ್ಷೆಯಿದೆ, ಬಲೆಯಲ್ಲಿ ಸಿಕ್ಕಿಬಿದ್ದ ಧರ್ಮಾಧಿಕಾರಿಗಳ ಕೈಯಲ್ಲಿ ಅವರ ದಂಡವೂ ಇದೆ. ಇದನ್ನು ಸುಮ್ಮನೆ ಭಯ ಹುಟ್ಟಿಸುವ ಚಿತ್ರವೆಂದು ನೋಡಬಾರದು. ಮಠದ ಜಮೀನು ಕಬಳಿಸುತ್ತಿದ್ದ ಯೋಧ, ಭ್ರಷ್ಟನಾದ ಪಾದ್ರಿ, ಸಂತೆಯಲ್ಲಿ ವಂಚಿಸುತ್ತಿದ್ದವ, ಇವರೆಲ್ಲ ಅಂದಿನ ನೋಡುಗರಿಗೆ ಮುಖಪರಿಚಯವಿದ್ದವರೇ. ಫಲಕದ ತಳದಲ್ಲಿ ಲ್ಯಾಟಿನ್ ಪ್ರಾಸಬದ್ಧ ಸಾಲೊಂದು ನೇರವಾಗಿ ಎಚ್ಚರಿಸುತ್ತದೆ: ಎಲೈ ಪಾಪಿಗಳೇ, ನಡತೆಯನ್ನು ತಿದ್ದಿಕೊಳ್ಳದೆ ಹೋದರೆ ಕಠಿಣವಾದ ತೀರ್ಪು ನಿಮಗೆ ಕಾದಿದೆಯೆಂದು ತಿಳಿಯಿರಿ. ಹೊರಗಿನ ಕಮಾನುಪಟ್ಟಿಯ ಅಂಚಿನಿಂದ ಹದಿನಾಲ್ಕು ಪುಟ್ಟ ಮುಖಗಳು, ಸುರುಳಿಯ ಅಂಚನ್ನು ಬೆರಳಲ್ಲಿ ಹಿಡಿದು ಮೂಗಿನವರೆಗೆ ಮಾತ್ರ ತಲೆಯೆತ್ತಿ, ಈ ದೃಶ್ಯವನ್ನೆಲ್ಲ ಇಣುಕಿ ನೋಡುತ್ತಿವೆ. ಕೋಂಕಿನ ಕುತೂಹಲಿಗಳು ಎಂದೇ ಅವು ಹೆಸರಾಗಿವೆ.

12ನೇ ಶತಮಾನದ ನಂತರ ಏಳಿಗೆ ನಿಂತಿತು. ಯಾತ್ರಿಕರ ಸಂಖ್ಯೆ ಇಳಿಯಿತು, ಹೊಸ ಧಾರ್ಮಿಕ ಪಂಥಗಳು ನಗರಗಳಲ್ಲಿ ಬೆಳೆದವು, ದೂರದ ಆಸ್ತಿಗಳು ಕೈತಪ್ಪಿದವು. 16ನೇ ಶತಮಾನದಲ್ಲಿ ಬೆನೆಡಿಕ್ಟಿನ್ ಸಂನ್ಯಾಸಿಗಳ ಜಾಗಕ್ಕೆ ಸಂನ್ಯಾಸನಿಯಮಕ್ಕೆ ಒಳಪಡದ ಪಾದ್ರಿಗಳ ಮಂಡಳಿ ಬಂತು. ಅದೇ ಶತಮಾನದಲ್ಲಿ ಕ್ಯಾಥೊಲಿಕರಿಗೂ ಪ್ರೊಟೆಸ್ಟೆಂಟರಿಗೂ ನಡೆದ ಯುದ್ಧಗಳಲ್ಲಿ ಚರ್ಚಿಗೆ ಬೆಂಕಿ ಬಿದ್ದು, ಗರ್ಭಭಾಗದ ಕಂಬಗಳು ಬಿರಿದವು.

ನಿಜವಾದ ಗಂಡಾಂತರ ಬಂದದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. ಹೊಸ ಸರ್ಕಾರ ಮಠಗಳನ್ನು ರದ್ದುಗೊಳಿಸಿ, ಚರ್ಚುಗಳ ಚಿನ್ನ ಬೆಳ್ಳಿಯನ್ನು ಟಂಕಸಾಲೆಗೆ ಕಳಿಸಿ ಕರಗಿಸಲು ಆಜ್ಞೆ ಮಾಡಿತು. ದೇಶದಾದ್ಯಂತ ಎಷ್ಟೋ ಮಠಗಳ ಶತಮಾನಗಳ ಭಂಡಾರಗಳು ಹೀಗೆಯೇ ನಾಶವಾದವು. ಕೋಂಕಿನ ಜನರು ಮಾತ್ರ ಅಧಿಕಾರಿಗಳು ಬರುವಷ್ಟರಲ್ಲಿ ಭಂಡಾರವನ್ನು ತಮ್ಮೊಳಗೆ ಹಂಚಿಕೊಂಡು, ಮನೆಗಳಲ್ಲಿ, ತೋಟಗಳಲ್ಲಿ, ಚೆಸ್ಟ್‌ನಟ್ ಕಾಯಿಗಳನ್ನು ಹೊಗೆಯಲ್ಲಿ ಒಣಗಿಸುವ ಕೊಟ್ಟಿಗೆಗಳಲ್ಲಿ ಬಚ್ಚಿಟ್ಟರು. ಕಾಲ ತಿಳಿಯಾದ ಮೇಲೆ ಅದನ್ನೆಲ್ಲ ತಂದು ಒಪ್ಪಿಸಿದರು. ಬಡತನದ ಊರದು, ಚಿನ್ನದ ತುಣುಕೊಂದನ್ನು ಕರಗಿಸಿದ್ದರೆ ಒಂದು ಕುಟುಂಬದ ಬದುಕು ಬದಲಾಗುತ್ತಿತ್ತು. ಆದರೂ ಮೂರ್ತಿ, ಬೇಗೋನನ ಕಾಲದ ಪೀಠಫಲಕ, ಶಾರ್ಲಮೇನ್ ಕೊಟ್ಟದ್ದೆಂದು ಹೇಳುವ ಲ್ಯಾಟಿನ್ ಅಕ್ಷರ ಎ ಆಕಾರದ ಕರಂಡ, ಇವೆಲ್ಲ ಹಿಂದಿರುಗಿ ಬಂದವು. ದಾನಪತ್ರಗಳ ದೊರೆಗಳನ್ನೂ ಕಟ್ಟಿಸಿದ ಮಠಾಧಿಪತಿಗಳನ್ನೂ ಹೆಸರಿಸುವ ಚರಿತ್ರೆಯಲ್ಲಿ ಈ ಹಳ್ಳಿಗರ ಹೆಸರುಗಳು ಎದ್ದು ಕಾಣುವುದಿಲ್ಲ. ಆದರೆ ಕೋಂಕಿನ ಪರಂಪರೆಗೆ ಅವರಷ್ಟು ಉಪಕಾರ ಮಾಡಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬುತ್ತೇನೆ.

ಕಟ್ಟಡಕ್ಕೆ ಅಂಥ ಕಾವಲಿರಲಿಲ್ಲ. ಬೇಗೋನ್ ಕಟ್ಟಿಸಿದ್ದ ಒಳಾಂಗಣದ ಮೊಗಸಾಲೆ 19ನೇ ಶತಮಾನದ ಆರಂಭದಲ್ಲಿ ಬಹುಪಾಲು ಹಾಳಾಯಿತು. ಚರ್ಚು ಕುಸಿಯುವ ಸ್ಥಿತಿಯಲ್ಲಿದ್ದಾಗ, 1837ರಲ್ಲಿ ಐತಿಹಾಸಿಕ ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಸಾಹಿತಿ ಪ್ರೊಸ್ಪೇರ್ ಮೆರಿಮೆ ಇಲ್ಲಿಗೆ ಬಂದ. ಇಂಥ ನಿರ್ಜನ ಪ್ರದೇಶದಲ್ಲಿ ಇಷ್ಟು ಸಂಪತ್ತನ್ನು ಕಾಣಲು ತಾನು ಸ್ವಲ್ಪವೂ ಸಿದ್ಧನಾಗಿರಲಿಲ್ಲ ಎಂದು ವರದಿ ಬರೆದು ದುರಸ್ತಿಗೆ ಸರ್ಕಾರದ ನೆರವನ್ನು ದೊರಕಿಸಿದ. 1840ರ ಮೊದಲ ರಾಷ್ಟ್ರೀಯ ಸ್ಮಾರಕಪಟ್ಟಿಯಲ್ಲಿಯೇ ಕೋಂಕ್ ಸೇರಿತು. 1873ರಲ್ಲಿ ರೊದೇಜ್‌ನ ಬಿಷಪ್ ಬುರೇ ಪ್ರೆಮೊಂತ್ರೆ ಪಂಥದ ಬಿಳಿ ನಿಲುವಂಗಿಯ ಸಂನ್ಯಾಸಿಗಳನ್ನು ಕರೆತಂದು ಪೂಜೆಯನ್ನೂ ಯಾತ್ರೆಯನ್ನೂ ಮತ್ತೆ ನೆಲೆಗೊಳಿಸಿದರು. ಎರಡೇ ವರ್ಷಗಳಲ್ಲಿ, 1875ರಲ್ಲಿ, ದುರಸ್ತಿಯ ವೇಳೆ ಪ್ರಧಾನಪೀಠದ ಹಿಂದಿನ ಗೋಡೆಯೊಳಗೆ 12ನೇ ಶತಮಾನದ ಎನಾಮಲ್ ಬಿಲ್ಲೆಗಳಿದ್ದ ಚರ್ಮದ ಪೆಟ್ಟಿಗೆಯೊಂದು ಸಿಕ್ಕಿತು, ಅದರಲ್ಲಿ ಸಂತಳ ಅಸ್ಥಿಗಳಿದ್ದವು. ಹಿಂದಿನ ಕಾಲದ ಗಲಭೆಗಳಿಗೆ ಹೆದರಿ ಯಾರೋ ಅದನ್ನು ಗೋಡೆಯಲ್ಲಿ ಮುಚ್ಚಿದ್ದರು.

20ನೇ ಶತಮಾನದಲ್ಲಿ ಕೋಂಕಿಗೆ ಸೇರಿದ ದೊಡ್ಡ ಸಂಗತಿಯೆಂದರೆ ಗಾಜು. 1919ರಲ್ಲಿ ರೊದೇಜ್‌ನಲ್ಲಿ ಹುಟ್ಟಿದ ಚಿತ್ರಕಾರ ಪಿಯೇರ್ ಸೂಲಾಜ್, ತಾನು ಕಲಾವಿದನಾಗಬೇಕೆಂದು ನಿಶ್ಚಯಿಸಿದ್ದು ಹುಡುಗನಾಗಿದ್ದಾಗ ಈ ಚರ್ಚಿನೊಳಗೆ ನಿಂತಾಗಲೇ ಎಂದು ಹೇಳುತ್ತಿದ್ದರು. ಕಪ್ಪು ಬಣ್ಣವೊಂದರಿಂದಲೇ ಬೆಳಕನ್ನು ಮೂಡಿಸುವ ಚಿತ್ರಗಳಿಗೆ ಹೆಸರಾದ ಅವರಿಗೆ 1986ರಲ್ಲಿ ಸರ್ಕಾರ ಇಲ್ಲಿನ 104 ಕಿಟಕಿಗಳಿಗೆ ಹೊಸ ಗಾಜನ್ನು ರೂಪಿಸುವ ಕೆಲಸವನ್ನು ವಹಿಸಿತು. ಅದುವರೆಗೆ ಅಲ್ಲಿದ್ದದ್ದು 20ನೇ ಶತಮಾನದ ನಡುಭಾಗದಲ್ಲಿ ಕೂರಿಸಿದ್ದ, ಸಂತರ ಬಣ್ಣಬಣ್ಣದ ಚಿತ್ರಗಳ ಗಾಜು. ಸೂಲಾಜ್ ಅವರು ತುಲೂಜ್‌ನ ಗಾಜಿನ ಕುಶಲಕರ್ಮಿ ಜಾನ್ ದೊಮಿನಿಕ್ ಫ್ಲರಿ ಅವರೊಡನೆ ನೂರಾರು ಪ್ರಯೋಗ ನಡೆಸಿ, ಬಣ್ಣವಿಲ್ಲದ, ಆಚೆಗಿನ ನೋಟವನ್ನು ಬಿಡದ, ಆದರೆ ಬೆಳಕನ್ನು ಒಂದೊಂದು ಜಾಗದಲ್ಲಿ ಒಂದೊಂದು ಪ್ರಮಾಣದಲ್ಲಿ ಹರಡುವ ಗಾಜನ್ನು ಸಿದ್ಧಪಡಿಸಿದರು. ಅದರ ಮೇಲೆ ಸೀಸದ ಪಟ್ಟಿಗಳು ಓರೆಯಾಗಿ ಬಾಗಿ ಹರಿಯುತ್ತವೆ, ಚಿತ್ರವಿಲ್ಲ, ಕತೆಯಿಲ್ಲ. ಹೊತ್ತು ಬದಲಾದಂತೆ ಅದೇ ಗಾಜು ಒಮ್ಮೆ ನೀಲಿಛಾಯೆಯನ್ನೂ ಒಮ್ಮೆ ಹಳದಿಕೆಂಪಿನ ಛಾಯೆಯನ್ನೂ ತಾಳುತ್ತದೆ. 1994ರಲ್ಲಿ ಕೆಲಸ ಪೂರ್ಣಗೊಂಡಿತು. ಹಳೆಯ ಬಣ್ಣದ ಕಿಟಕಿಗಳನ್ನು ನೋಡುತ್ತ ಬೆಳೆದವರಿಗೆ ಈ ಬದಲಾವಣೆ ಒಪ್ಪಿಗೆಯಾಗಲಿಲ್ಲ, ಊರಿನಲ್ಲಿ ವಿರೋಧವೂ ಕೇಳಿಬಂತು. ಪೂಜಾಸ್ಥಳದ ಪ್ರತಿಯೊಂದು ವಸ್ತುವಿನೊಡನೆಯೂ ನೆನಪುಗಳು ಬೆಸೆದಿರುವ ಕಡೆ ಅಂಥ ವಿರೋಧವನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆದರೂ ಕಟ್ಟಡದ ಕಲ್ಲನ್ನೂ ಅದರ ಅಳತೆಯನ್ನೂ ಸ್ಪಷ್ಟವಾಗಿ ಕಾಣಲು ಬಿಡುವ ಈ ಕಿಟಕಿಗಳು ಚರ್ಚಿಗೆ ಒಪ್ಪುತ್ತವೆ ಎಂಬ ಅಭಿಪ್ರಾಯವೇ ಇಂದು ಹೆಚ್ಚು ಪ್ರಚಲಿತವಾಗಿದೆ. ಅವುಗಳನ್ನು ನೋಡುವುದಕ್ಕೆಂದೇ ಬರುವವರೂ ಇದ್ದಾರೆ.

1998ರಲ್ಲಿ ಯುನೆಸ್ಕೊ, ಫ್ರಾನ್ಸಿನಲ್ಲಿರುವ ಕಾಂಪೊಸ್ತೆಲಾ ಯಾತ್ರಾಮಾರ್ಗಗಳ ಭಾಗವಾಗಿ ಸಾಂತ್ ಫುವಾ ಚರ್ಚನ್ನೂ ದುರ್ದು ನದಿಯ ಹಳೆಯ ಸೇತುವೆಯನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2016ರ ಜನವರಿಯಲ್ಲಿ ಆಡಳಿತದ ಸಲುವಾಗಿ ಅಕ್ಕಪಕ್ಕದ ಮೂರು ಊರುಗಳೊಡನೆ ವಿಲೀನಗೊಂಡ ಕೋಂಕ್ ಈಗ ಕೋಂಕ್ ಆಂ ರುಯೆರ್ಗ್ ಎಂಬ ಪಂಚಾಯಿತಿಯ ಭಾಗ. ಮರದ ಚೌಕಟ್ಟಿನ ಗೋಡೆಗಳು, ಪದರಗಲ್ಲಿನ ಚಾವಣಿಗಳುಳ್ಳ ಹಳೆಯ ಮನೆಗಳು ಚರ್ಚಿನ ಸುತ್ತ ಇಳಿಜಾರಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ನಿಂತಿವೆ. ಬಾರಿ ಮತ್ತು ವ್ಯಾಂಜೆಲ್ ಎಂಬ ಊರಬಾಗಿಲುಗಳೂ ಉಳಿದಿವೆ. ಲ ಪ್ಯುಯಿಯಿಂದ ಸುಮಾರು 200 ಕಿಲೋಮೀಟರ್ ನಡೆದು ಬರುವ ಇಂದಿನ ಯಾತ್ರಿಕರಲ್ಲಿ ಶ್ರದ್ಧಾಳುಗಳೂ ಇದ್ದಾರೆ, ನಡಿಗೆಯ ಪ್ರೀತಿಗಾಗಿ ಬಂದವರೂ ಇದ್ದಾರೆ. ಬಿಳಿ ನಿಲುವಂಗಿಯ ಸಂನ್ಯಾಸಿಗಳು ಅವರಿಗೆ ಮಠದಲ್ಲಿ ವಸತಿ ಕೊಡುತ್ತಾರೆ, ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಅವರ ಮುಂದಿನ ದಾರಿಗೆ ಆಶೀರ್ವದಿಸುತ್ತಾರೆ. ಆಮೇಲೆ ಹೊರಗಿನ ಅಂಗಳದಲ್ಲಿ ಸೇರಿದವರಿಗೆ ಬಾಗಿಲ ಮೇಲಿನ ಒಂದೊಂದೇ ಆಕೃತಿಯನ್ನು ತೋರಿಸಿ ಅರ್ಥ ಹೇಳುತ್ತಾರೆ.